ತುಳುಕದ ಹಾಲು

ಆ ಊರು ಯಾವ ದಿಕ್ಕಿಗಿದೆ ಅಂತ ನನ್ನನ್ನು ಕೇಳಬೇಡಿ. ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ, ಅಲ್ಲೇ ಹುಟ್ಟಿದವರನ್ನು ಕೇಳಿದರೆ ‘ಇಲ್ಲೇ’ ಅಂತಾರೆ. ಊರಿನ ನಡುವೆ ಕಿಟಕಿಯಿಲ್ಲದ ಒಂದು ಮನೆ. ಅದರ ಒಂದು ಗೋಡೆಗೆ ಬಿಳಿ ಬಟ್ಟೆ ಬಿಗಿದಿದೆ. ಅದಕ್ಕೆ ಪರದೆಮನೆ ಅಂತ ಹೆಸರು. ಹದಿನೈದು ದಿನಕ್ಕೊಂದು ಸಲ ಪೆಟ್ಟಿಗೆಯವನು ಬರುತ್ತಾನೆ, ತಲೆಯ ಮೇಲಿನ ಪೆಟ್ಟಿಗೆ ಇಳಿಸಿ ಅದರ ಕಣ್ಣು ತೆರೆಯುತ್ತಾನೆ. ಬೆಳಕು ಹೋಗಿ ಬಟ್ಟೆಯ ಮೇಲೆ ಬೀಳುತ್ತದೆ, ಬೆಳಕಿನೊಳಗೆ ಆನೆ ಕುದುರೆ ಮನುಷ್ಯರು ಓಡಾಡುತ್ತಾರೆ, ಹಾಡುತ್ತಾರೆ, ಅಳುತ್ತಾರೆ. ನಾವು ನೀವು ಸಿನಿಮಾ ಅಂತೀವಲ್ಲ, ಅದೇ ಅಂದುಕೊಳ್ಳಿ. ಅಲ್ಲಿಯವರು ಬರೀ ಚಿತ್ರ ಅಂತಾರೆ.

ಯಾವ ಚಿತ್ರ ಮಕ್ಕಳಿಗೆ, ಯಾವುದು ದೊಡ್ಡವರಿಗೆ? ಈ ಪ್ರಶ್ನೆ ನಮ್ಮ ಮನೆಗಳಲ್ಲೂ ಇದೆ, ದಿನಾ ಸಂಜೆ ಅದರ ಜಗಳವೂ ಇದೆ. ಆ ಊರಿನವರು ಜಗಳ ಆಡುವವರಲ್ಲ. ಅವರು ಹಾಲನ್ನು ಕೇಳುತ್ತಿದ್ದರು. ಚಿತ್ರ ಬಂದ ದಿನ ಮಧ್ಯಾಹ್ನ ಒಬ್ಬಳು ಹೆಂಗಸು ಪರದೆಮನೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಮಡಿಲಲ್ಲಿ ಬೆಳ್ಳಿ ಬಟ್ಟಲು ಇಡಬೇಕು. ಬಟ್ಟಲಿಗೆ ಅಂಚಿನ ತನಕ ಹಾಲು ತುಂಬಬೇಕು. ಆಮೇಲೆ ಚಿತ್ರ ನೋಡಬೇಕು. ಹಾಲು ಒಂದು ತೊಟ್ಟು ತುಳುಕಿದರೂ ಆ ಚಿತ್ರ ದೊಡ್ಡವರಿಗೆ. ತುಳುಕದಿದ್ದರೆ ಮಕ್ಕಳಿಗೆ. ಮಡಿಲು ಅಂದರೆ ಮಗು ಕೂರುವ ಜಾಗ, ಮಡಿಲು ಬೆಚ್ಚದಿದ್ದರೆ ಮಗುವೂ ಬೆಚ್ಚುವುದಿಲ್ಲ ಅನ್ನುವುದು ಅವರ ನಂಬಿಕೆ. ಕೇಳಿದರೆ ಹೌದಲ್ಲ ಅನ್ನಿಸುತ್ತದೆ, ಅಲ್ಲವೇ?

ಆ ಹೆಂಗಸನ್ನು ನೋಡುವಾಕೆ ಅಂತ ಕರೆಯುತ್ತಿದ್ದರು. ಊರಿಗೆಲ್ಲ ಅಲುಗಾಡದ ಮಡಿಲು ಯಾರದೋ ಅವಳನ್ನೇ ಹುಡುಕಿ ನೋಡುವಾಕೆ ಮಾಡುತ್ತಿದ್ದರು. ಈಗಿನ ನೋಡುವಾಕೆಯಂತೂ ಸಿಡಿಲು ಬಡಿದು ಹಿತ್ತಲಿನ ತೆಂಗಿನಮರ ಹೊತ್ತಿ ಉರಿದಾಗ, ‘ಒಲೆ ಮೇಲೆ ಸಾರಿದೆ’ ಅಂತ ಸೌಟು ಹಿಡಿದು ಒಳಗೆ ಹೋದವಳು. ಇಪ್ಪತ್ತು ವರ್ಷದಿಂದ ಅವಳೇ ಕೂರುತ್ತಿದ್ದಳು. “ತುಂಬಿದ ಕೊಡ ತುಳುಕೋದಿಲ್ಲ ಕಣ್ರೀ” ಅಂತ ಊರವರು ಅವಳನ್ನು ತೋರಿಸಿ ಹೆಮ್ಮೆಪಡುತ್ತಿದ್ದರು. ಅಲುಗದವಳನ್ನು ಹುಡುಕಿ ಹುಡುಕಿ ತಂದು ಕೂರಿಸಿ, ಅಲುಗುತ್ತಾಳೋ ಇಲ್ಲವೋ ಅಂತ ಕಾಯುವುದು! ನಗಬೇಡಿ, ನಮ್ಮ ಬುದ್ಧಿಯೇನೂ ಇದಕ್ಕಿಂತ ಹೆಚ್ಚಿಲ್ಲ.

ಅವಳ ಇಪ್ಪತ್ತು ವರ್ಷದಲ್ಲಿ ಹಾಲು ತುಳುಕಿದ್ದು ಒಂದೇ ಸಲ. ಅದೊಂದು ಮುದುಕಿ ಅಂಗಳ ಗುಡಿಸುವ ಚಿತ್ರ. ಗುಡಿಸುತ್ತಾಳೆ, ಗುಡಿಸುತ್ತಾಳೆ, ಮುಗಿಯಿತು. ನೋಡುವಾಕೆಯ ಕಾಲಿಗೆ ಇರುವೆ ಕಚ್ಚಿತೋ, ಜೋಮು ಹಿಡಿಯಿತೋ, ಒಂದು ತೊಟ್ಟು ಹಾಲು ಸೀರೆಯ ಮೇಲೆ ಬಿತ್ತು. ಬಿದ್ದ ಮೇಲೆ ಮುಗಿಯಿತಲ್ಲ, ಅದು ದೊಡ್ಡವರ ಚಿತ್ರವಾಯಿತು. ಮಕ್ಕಳನ್ನು ಹೊರಗೆ ಕಳಿಸಿ, ಕದ ಹಾಕಿಕೊಂಡು, ಊರಿನ ದೊಡ್ಡವರೆಲ್ಲ ಮೂರು ಸಲ ಆ ಮುದುಕಿ ಅಂಗಳ ಗುಡಿಸುವುದನ್ನು ನೋಡಿದರು. ಏನೋ ಇದೆ ಇದರಲ್ಲಿ, ನಮಗೇ ತಿಳಿಯುತ್ತಿಲ್ಲ ಅಂದುಕೊಂಡು ತಲೆ ತಗ್ಗಿಸಿ ಮನೆಗೆ ಹೋದರು. ಅದೇ ತಿಂಗಳು ಹುಲಿಯೊಂದು ಊರಿಗೆ ನುಗ್ಗುವ ಚಿತ್ರ ಬಂತು. ಹಾಲು ಮಿಸುಕಲಿಲ್ಲ. ಮಕ್ಕಳು ಅದನ್ನು ಮಡಿಲಲ್ಲಿ ಕೂತು ನೋಡಿದರು.

ಹೌದು, ಮಡಿಲಲ್ಲೇ. ಮಕ್ಕಳ ಚಿತ್ರದ ಸಂಜೆ ಪ್ರತಿ ಮಗುವೂ ಒಂದು ಮಡಿಲಲ್ಲಿ ಕೂರಬೇಕು. ಮಾರನೆಯ ಬೆಳಿಗ್ಗೆ ಐದು ವರ್ಷ ತುಂಬಿದ ಮಕ್ಕಳೆಲ್ಲ ಪರದೆಮನೆಯ ಮುಂದಿನ ಗಂಟೆಯ ಬಳಿ ಸಾಲಾಗಿ ಬಂದು, ಒಬ್ಬೊಬ್ಬರೇ ಗಂಟೆಯನ್ನು ಮುಟ್ಟಿ, ‘ಚಿತ್ರ ಚೆನ್ನಾಗಿತ್ತು’ ಅನ್ನಬೇಕು. ಗಂಟೆಯ ಯಜಮಾನರು ‘ಬದುಕು ಕೂಸೇ’ ಅಂತ ತಲೆ ಸವರಿ ಕಳಿಸುತ್ತಿದ್ದರು. ಯಾವುದಾದರೂ ಮಗು ಹಾಗೆ ಅನ್ನದೆ ಹೋದರೆ? ಹಾಲು ಒಪ್ಪಿದ ಚಿತ್ರಕ್ಕೆ ಹೆದರಿದ ಮಗು ಮಗುವೇ ಅಲ್ಲ, ಅದು ದೊಡ್ಡದಾಗಿದೆ ಅಂತ ಗಂಟೆ ಹೊಡೆಯುತ್ತಿದ್ದರು. ಅವತ್ತಿನಿಂದ ಆ ಮಗು ಮಡಿಲಿನಿಂದ ಇಳಿಯಬೇಕು. ಯಾರೂ ಎತ್ತಿಕೊಳ್ಳುವಂತಿಲ್ಲ, ಕೈತುತ್ತು ಹಾಕುವಂತಿಲ್ಲ, ಕಥೆ ಹೇಳುವಂತಿಲ್ಲ. ಬಹಳ ಹಿಂದೆ ಆರು ವರ್ಷದ ಒಂದು ಹುಡುಗಿಯನ್ನು ಹಾಗೆ ಇಳಿಸಿದ್ದರಂತೆ. ಅವಳು ಮುದುಕಿಯಾಗಿ ಸಾಯುವ ತನಕವೂ ಯಾರಾದರೂ ಹೆಗಲು ಮುಟ್ಟಿದರೆ ಬೆಚ್ಚಿ ಬೀಳುತ್ತಿದ್ದಳಂತೆ.

ನೋಡುವಾಕೆಗೆ ಒಬ್ಬಳು ಮೊಮ್ಮಗಳು. ಮಗಳು ಅಳಿಯ ಉಪ್ಪಿನ ಗಾಡಿಯವರು, ವರ್ಷಕ್ಕೆರಡು ಸಲ ಬಂದು ಮುಖ ತೋರಿಸಿ ಹೋಗುವವರು. ಹಾಗಾಗಿ ಮಗುವಿಗೆ ಅಜ್ಜಿಯ ಮಡಿಲೇ ಮನೆ. ಉಣ್ಣುವುದು ಅಲ್ಲಿ, ನಿದ್ದೆ ಅಲ್ಲಿ, ಸಿಟ್ಟು ಬಂದರೆ ಮುಖ ಮುಚ್ಚಿಕೊಳ್ಳುವುದೂ ಅಲ್ಲೇ. ಊರಿಗೆಲ್ಲ ಕಲ್ಲಿನಂಥ ಆ ಹೆಂಗಸು ಈ ಮಗುವಿನ ಮುಂದೆ ಬೆಣ್ಣೆ. ಆ ಮಗುವಿಗೆ ಐದು ತುಂಬಿದ ವಾರವೇ ಬಾತುಕೋಳಿಯ ಚಿತ್ರ ಬಂತು.

ಪಾಪ, ಅದರಷ್ಟು ಮುದ್ದಾದ ಚಿತ್ರ ಇನ್ನೊಂದಿಲ್ಲ. ಒಂದು ತಾಯಿ ಬಾತುಕೋಳಿ, ಅದರ ಹಿಂದೆ ಎಂಟು ಮರಿ. ಎಲ್ಲ ಸಂತೆಗೆ ಹೋಗುತ್ತವೆ. ‘ಎಂಟು ಮರಿ, ಎಂಟು ಮರಿ, ಅಮ್ಮನ ಹಿಂದೆ ಎಂಟು ಮರಿ’ ಅಂತ ಹಾಡು. ಸಂತೆಯಲ್ಲಿ ಪುರಿ ಬತ್ತಾಸು ಕೊಳ್ಳುತ್ತವೆ, ಒಂದು ಕಾಗೆ ಬಂದು ತಮಾಷೆ ಮಾಡುತ್ತದೆ, ಹೊಳೆ ದಾಟಿ ಮನೆಗೆ ಬಂದು ಊಟ ಮಾಡಿ ಕುಣಿಯುತ್ತವೆ. ಮತ್ತೆ ಅದೇ ಹಾಡು. ಮಧ್ಯಾಹ್ನ ನೋಡುವಾಕೆ ಹಾಲು ಇಟ್ಟುಕೊಂಡು ನೋಡಿದಳು. ಹಾಲಿನ ಮೇಲೆ ಕೆನೆ ಕಟ್ಟಿತು, ಅಷ್ಟು ನಿಶ್ಚಲವಾಗಿತ್ತು. ಸಂಜೆ ಊರಿನ ಮಡಿಲುಗಳೆಲ್ಲ ತುಂಬಿದವು. ದೊಡ್ಡವರು ಹಾಡಿಗೆ ತಾಳ ಹಾಕಿದರು, ಕೊನೆಗೆ ಚಪ್ಪಾಳೆ ತಟ್ಟಿದರು. ನೋಡುವಾಕೆಯ ಮಡಿಲಲ್ಲಿ ಮೊಮ್ಮಗಳು ಚಪ್ಪಾಳೆ ತಟ್ಟಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡು ಅವಳು ಎತ್ತಿಕೊಂಡು ಮನೆಗೆ ಹೋದಳು.

ಬೆಳಿಗ್ಗೆ ಗಂಟೆಯ ಮುಂದೆ ಮಕ್ಕಳ ಸಾಲು. ಕುಂಬಾರರ ಹುಡುಗಿ ಮುಟ್ಟಿದಳು, ಚಿತ್ರ ಚೆನ್ನಾಗಿತ್ತು ಅಂದಳು. ಗಾಣಿಗರ ಅವಳಿ ಮಕ್ಕಳು ಮುಟ್ಟಿದರು, ಚಿತ್ರ ಚೆನ್ನಾಗಿತ್ತು ಅಂದರು. ಮೊಮ್ಮಗಳ ಸರದಿ ಬಂತು. ಅದು ಅವಳ ಮೊದಲ ಗಂಟೆ. ಮುಟ್ಟಿದಳು. ತಣ್ಣಗಿತ್ತು ಅಂತ ಕೈ ಹಿಂದಕ್ಕೆ ತೆಗೆದುಕೊಂಡಳು. ಬಾಯಿ ತೆರೆಯಲಿಲ್ಲ.

“ಹೇಳು ಕೂಸೇ” ಅಂದರು ಯಜಮಾನರು.

ಮಗು ನೆಲ ನೋಡಿತು.

“ಚೆನ್ನಾಗಿತ್ತೋ ಇಲ್ಲವೋ?”

“ಇಲ್ಲ” ಅಂತು ಮಗು.

ಸಾಲಿನಲ್ಲಿದ್ದ ತಾಯಂದಿರೆಲ್ಲ ಸೆರಗು ಬಾಯಿಗೆ ಹಿಡಿದರು. ಯಜಮಾನರು ಒಳ್ಳೆಯವರೇ, ಕೆಟ್ಟವರಲ್ಲ. ಎಪ್ಪತ್ತು ದಾಟಿದ ಜೀವ, ನಿಯಮ ಅಂದರೆ ನಿಯಮ ಅನ್ನುವವರು. ಅವರು ನೋಡುವಾಕೆಯ ಮುಖ ನೋಡಿ, ಕೆಮ್ಮಿ, “ಮೂರು ದಿನ ಕೊಡ್ತೀನಿ ತಾಯಿ. ಮೂರನೇ ಸಂಜೆ ಎಲ್ಲರ ಮುಂದೆ ಕರೆದುಕೊಂಡು ಬಾ. ಚೆನ್ನಾಗಿತ್ತು ಅಂದರೆ ಸರಿ. ಇಲ್ಲಾಂದರೆ ಇಳಿಸಬೇಕಾಗುತ್ತೆ” ಅಂದರು. ನೋಡುವಾಕೆ ತಲೆಯಾಡಿಸಿದಳು. ತಲೆಯಾಡಿಸಿದ್ದು ಯಾಕೆ ಅಂತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮನೆಗೆ ಬಂದರೆ ಮಗು ಅವಳ ಸೆರಗು ಬಿಡಲಿಲ್ಲ. ಬಾವಿಗೆ ಹೋದರೆ ಬಾವಿಗೆ, ಒಲೆಗೆ ಹೋದರೆ ಒಲೆಗೆ. ಅಜ್ಜಿ ಹಿಂದೆ ತಿರುಗಿ ನೋಡದೆ ನಾಲ್ಕು ಹೆಜ್ಜೆ ಹಾಕಿದರೆ “ಅಜ್ಜೀ, ನಾನಿದೀನಿ” ಅನ್ನುವುದು. ಅವಳಿಗೆ ಏನೆಂದರೆ ಏನೂ ಅರ್ಥವಾಗಲಿಲ್ಲ. ನೀನಿದ್ದೀಯ ಅಂತ ನನಗೆ ಗೊತ್ತಿಲ್ಲವೇ ಅಂದಳು. ಮಗು ಅವಳನ್ನು ದಿಟ್ಟಿಸಿ ನೋಡಿತು, ನಂಬಿದ ಹಾಗೆ ಕಾಣಲಿಲ್ಲ.

“ಕಾಗೆ ಕಂಡು ಹೆದರಿದ್ಯಾ ಮಗಾ?”

“ಕಾಗೆ ಪಾಪದ್ದು.”

“ಹೊಳೆ ಕಂಡು?”

“ಊಹೂಂ.”

“ಮತ್ತೆ ಏನು, ಬಾಯಿ ಬಿಟ್ಟು ಹೇಳಬಾರದೇ ನನ್ನಪ್ಪಾ?”

“ನೀನೂ ನೋಡಿದೆಯಲ್ಲ ಅಜ್ಜಿ” ಅಂತು ಮಗು. ಅಷ್ಟೇ.

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಇಣುಕಿದಳು. “ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ? ಒಂದು ಉಂಡೆ ಬೆಲ್ಲ ಕೊಡು, ‘ಚೆನ್ನಾಗಿತ್ತು ಅನ್ನೇ’ ಅಂತ ಹೇಳು. ಅಂದ್ರೆ ಆಯ್ತು” ಅಂದಳು. ನೋಡುವಾಕೆಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಹಾಲು ಹೇಳಿದ್ದನ್ನೇ ಹೇಳಿದವಳು ತನ್ನ ಮಗುವಿಗೆ ಸುಳ್ಳು ಹೇಳಿಕೊಡುವುದೇ? ಆದರೂ ಮಧ್ಯಾಹ್ನ ಬಾಗಿಲು ಹಾಕಿ ಬೆಲ್ಲ ಹಿಡಿದು ಕೂತಳು. ಮಗು ಬೆಲ್ಲ ನೋಡಿತು, ಅಜ್ಜಿಯನ್ನು ನೋಡಿತು, “ಆದ್ರೆ ಚೆನ್ನಾಗಿರ್ಲಿಲ್ಲ” ಅಂತು. ಬೆಲ್ಲವನ್ನು ಮುಟ್ಟಲಿಲ್ಲ.

ಈಗ ಅವಳ ತಲೆ ಗಿರ್ರಂತು. ಹಾಲು ಸರಿಯಿದ್ದರೆ ಮಗು ಮಗುವಲ್ಲ. ಮಗು ಮಗುವಾಗಿದ್ದರೆ ಹಾಲು ಸರಿಯಿಲ್ಲ. ಹಾಲು ಸರಿಯಿಲ್ಲ ಅಂದರೆ ಇಪ್ಪತ್ತು ವರ್ಷ ತಾನು ಪರದೆಮನೆಯಲ್ಲಿ ಕೂತು ಮಾಡಿದ್ದೇನು? ಹಾಲು ಹೇಗೆ ತಪ್ಪಾಗುತ್ತದೆ, ಹಾಲು ಹಾಲಲ್ಲವೇ? ಮಗು ಹೇಗೆ ದೊಡ್ಡದಾಗುತ್ತದೆ, ಇನ್ನೂ ಚಪ್ಪಲಿ ಎಡಬಲ ಗೊತ್ತಿಲ್ಲ! ಒಂದು ದಿನ ಹೀಗೇ ಕಳೆಯಿತು. ಅನ್ನ ಸೀದುಹೋಯಿತು, ಅವಳ ಮನೆಯಲ್ಲಿ ಅನ್ನ ಸೀದದ್ದು ಅದೇ ಮೊದಲು.

ಎರಡನೆಯ ದಿನ ಅವಳು ಪೆಟ್ಟಿಗೆಯವನ ಬಿಡಾರಕ್ಕೆ ಹೋಗಿ ಬಾತುಕೋಳಿಯ ಚಿತ್ರವನ್ನು ಮತ್ತೆ ತೋರಿಸು ಅಂದಳು. ಅವನು ಕಣ್ಣುಜ್ಜಿಕೊಂಡು ಬಂದು ಪೆಟ್ಟಿಗೆ ತೆರೆದ. ಅವಳು ಹಾಲು ತುಂಬಿ ಕೂತಳು. ತಾಯಿ ಹೋಯಿತು, ಮರಿಗಳು ಹೋದವು, ಸಂತೆ ಬಂತು, ಹೊಳೆ ಬಂತು, ಹಾಡು ಬಂತು. ಹಾಲು ತುಳುಕಲಿಲ್ಲ. ಮತ್ತೆ ತೋರಿಸು ಅಂದಳು. ತುಳುಕಲಿಲ್ಲ. ಈ ಸಲ ಅವಳೇ ತುಳುಕಲಿ ಅಂತ ಬೇಡಿಕೊಂಡಳು, ದೇವರೇ ಒಂದು ತೊಟ್ಟು ಅಂದಳು. ಬೇಕು ಅಂದಾಗ ಇರುವೆಯೂ ಕಚ್ಚುವುದಿಲ್ಲ ನೋಡಿ.

“ಇದರಲ್ಲಿ ಹೆದರಿಕೆಯದ್ದು ಏನಿದೆಯಪ್ಪಾ?” ಅಂತ ಪೆಟ್ಟಿಗೆಯವನನ್ನೇ ಕೇಳಿದಳು.

“ನನ್ನನ್ನು ಕೇಳಿದ್ರೆ? ಚಿತ್ರ ಬರೆದವನು ಇನ್ನೆಲ್ಲೋ ಇದ್ದಾನೆ ತಾಯಿ, ನಾನು ಹೊರುವವನು. ಹೊರುವಾಗ ಯಾರಾದ್ರೂ ನೋಡ್ತಾರಾ?” ಅಂದ ಅವನು.

ಮೂರನೆಯ ದಿನ ಬೇರೆ ದಾರಿ ಕಾಣದೆ ಅವಳು ಮಗುವನ್ನೇ ಕರೆದುಕೊಂಡು ಪರದೆಮನೆಗೆ ಹೋದಳು. ಬಾಗಿಲಲ್ಲಿ ಮಗು ಹಿಂದಕ್ಕೆ ಜಗ್ಗಿತು. “ನಾನಿದೀನಿ ಕಣೇ” ಅಂದಳು ಅವಳು. ಆ ಮಾತು ಬಾಯಿಂದ ಹೊರಟ ಮೇಲೆ, ಇದು ಮಗುವಿನದೇ ಮಾತಲ್ಲವೇ ಅನ್ನಿಸಿತು. ಚಕ್ಕಳಮಕ್ಕಳ ಹಾಕಿ ಕೂತಳು. ಮಗು ಏರಿ ಕೂತಿತು. ಇನ್ನು ಬಟ್ಟಲಿಗೆ ಜಾಗವೆಲ್ಲಿ? ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಮಧ್ಯಾಹ್ನದ ಚಿತ್ರವನ್ನು ಹಾಲಿಲ್ಲದೆ ನೋಡಿದಳು.

ನಿಮಗೊಂದು ಮಾತು ಹೇಳುತ್ತೇನೆ. ಹಾಲಿನ ಬಟ್ಟಲು ಮಡಿಲಲ್ಲಿದ್ದವರು ಪರದೆ ನೋಡುವುದಿಲ್ಲ, ಹಾಲು ನೋಡುತ್ತಾರೆ. ಅರ್ಧ ಕಣ್ಣು ಅಲ್ಲಿ, ಅರ್ಧ ಕಣ್ಣು ಇಲ್ಲಿ. ಉಳಿದದ್ದನ್ನು ಹಾಡು ಹೇಳಿಬಿಡುತ್ತದೆ. ಇವತ್ತು ಅವಳ ಎರಡು ಕಣ್ಣೂ ಬಟ್ಟೆಯ ಮೇಲಿದ್ದವು.

ಚಿತ್ರ ಶುರುವಾದ ಕೂಡಲೇ ಮಗು ಬೆರಳು ಮಡಚಿ ಪಿಸುಗುಟ್ಟತೊಡಗಿತು. ಒಂದು, ಎರಡು, ಮೂರು, ಎಂಟರ ತನಕ. ಮರಿಗಳು ಸಂತೆಗೆ ಹೋದವು. ಪುರಿ ಬತ್ತಾಸು ಕೊಂಡವು. ಕಾಗೆ ಕುಣಿಯಿತು. ಹೊಳೆ ದಾಟಿ ಈಚೆ ಬಂದವು. ಮಗು ಮತ್ತೆ ಬೆರಳು ಮಡಚಿತು. ಒಂದು, ಎರಡು, ಮೂರು. ಏಳಕ್ಕೆ ನಿಂತಿತು. ಮಡಚದ ಎಂಟನೆಯ ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು.

ನೋಡುವಾಕೆ ಎಣಿಸಿದಳು. ಏಳು. ಮತ್ತೆ ಎಣಿಸಿದಳು. ಏಳೇ. ‘ಎಂಟು ಮರಿ, ಎಂಟು ಮರಿ’ ಅಂತ ಹಾಡು ಮಾತ್ರ ಮೊದಲಿನ ಹಾಗೇ ಬರುತ್ತಿತ್ತು.

“ಒಂದು ಎಲ್ಲಿ ಹೋಯ್ತು?” ಅಂದಳು ಅವಳು.

“ಗೊತ್ತಿಲ್ಲ” ಅಂತು ಮಗು. “ಅಮ್ಮ ತಿರುಗಿ ನೋಡ್ಲೇ ಇಲ್ಲ. ಈಗ ನೋಡು ಅಜ್ಜಿ, ಊಟಕ್ಕೆ ತಟ್ಟೆ ಹಾಕ್ತಾಳೆ. ಏಳೇ ಹಾಕ್ತಾಳೆ.”

ತಾಯಿ ಬಾತುಕೋಳಿ ತಟ್ಟೆ ಹಾಕಿತು. ಏಳು ತಟ್ಟೆ. ಎಲ್ಲ ಉಂಡವು. ಎಲ್ಲ ಕುಣಿದವು. ಹಾಡು ಎಂಟು ಅಂತು.

“ಪೆಟ್ಟಿಗೆಯವನೇ, ಇದು ಬರೆದವನ ತಪ್ಪೋ?” ಅಂತ ಅವಳು ಕೂಗಿದಳು. “ಬಟ್ಟೆ ಚಿಕ್ಕದು ಅಂತ ಒಂದು ಬಿಟ್ಟನೋ? ಕೈ ಸೋತು ಬಿಟ್ಟನೋ?”

“ಇರಬಹುದು. ಕೈ ಸೋತಿದ್ರೆ ತಟ್ಟೆ ಎಂಟಿರ್ತಿತ್ತಲ್ಲ” ಅಂದ ಅವನು, ಅವನಿಗೂ ಗೊಂದಲ ಹತ್ತಿಕೊಂಡಿತ್ತು. “ತಟ್ಟೆ ಸರಿಯಾಗಿ ಏಳು ಹಾಕಿದ್ದಾನೆ ಅಂದ್ರೆ ಗೊತ್ತಿದ್ದೇ ಹಾಕಿದ್ದಾನೆ. ಅಥವಾ ತಟ್ಟೆಯೂ ತಪ್ಪೋ? ನನ್ನನ್ನು ಕೇಳಬೇಡಿ ತಾಯಿ, ನಾನು ಹೊರುವವನು.”

ಅವಳಿಗೆ ಅಳು ಬಂತು. ಮರಿ ಹೋದದ್ದಕ್ಕೋ, ತಾನು ನಾಲ್ಕು ಸಲ ನೋಡಿಯೂ ಕಾಣದೆ ಹೋದದ್ದಕ್ಕೋ, ಅವಳಿಗೇ ತಿಳಿಯಲಿಲ್ಲ. ಮಗುವನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡಳು. ಮಗು ಅವಳ ಕೆನ್ನೆ ಒರೆಸಿ, “ನೀನು ಹೆದರ್ಕೋಬೇಡ” ಅಂತು.

ಸಂಜೆಯಾಯಿತು. ಊರೆಲ್ಲ ಪರದೆಮನೆಯಲ್ಲಿ ಸೇರಿತು. ಎಲ್ಲರ ಮಕ್ಕಳೂ ಅವರವರ ಮಡಿಲಲ್ಲಿ. ಯಜಮಾನರು ಹೊರಗಿನ ಗಂಟೆಯನ್ನು ಬಿಚ್ಚಿಸಿ ಒಳಗೆ ತೂಗುಹಾಕಿಸಿ, ಅದನ್ನು ಹೊಡೆಯುವ ಕೊಡತಿ ಹಿಡಿದು ನಿಂತಿದ್ದರು. ನೋಡುವಾಕೆ ಎದ್ದು ನಿಂತು, “ಒಂದು ಮರಿ ಕಾಣೆಯಾಗಿದೆ” ಅಂದಳು.

ಯಾರೋ ನಕ್ಕರು. “ಹಾಡಿನಲ್ಲೇ ಎಂಟು ಅಂತ ಇದೆಯಲ್ಲಮ್ಮ!” ಅಂದರು. ಅವಳು ಪಟ್ಟು ಬಿಡಲಿಲ್ಲ. ಯಜಮಾನರು, ಆಗಲಿ, ಚಿತ್ರ ಹಾಕು ಅಂದರು. ಚಿತ್ರ ಬಂತು. ಊರಿಗೆ ಊರೇ ಬೆರಳು ಮಡಚಿತು. ಮುಗಿದ ಮೇಲೆ ಶುರುವಾಯಿತು ನೋಡಿ ರಂಪ! ಏಳು ಅಂದವರು ಕೆಲವರು. ಎಂಟು ಅಂದವರು ಕೆಲವರು, ಅವರು ತಾಯಿಯನ್ನೂ ಸೇರಿಸಿಕೊಂಡಿದ್ದರು. ಮರಿ ತಾಯಿಯ ರೆಕ್ಕೆಯೊಳಗೆ ಕೂತಿದೆ, ಕಾಣುವುದಿಲ್ಲ ಅಷ್ಟೇ ಅಂದ ಒಬ್ಬ. ಅದು ಅಜ್ಜಿಯ ಮನೆಗೆ ಹೋಗಿದೆ ಅಂದಳು ಒಬ್ಬಳು. ಅದು ಪಕ್ಕದ ಮನೆಯ ಮರಿಯೇ ಇರಬೇಕು, ಸಂತೆಗೆ ಮಾತ್ರ ಜೊತೆಗೆ ಬಂದಿತ್ತು ಅಂದಳು ಬೇಲಿಯಾಚೆಯವಳು. ಒಂದು ಮರಿಗೆ ಇಷ್ಟು ಗಲಾಟೆಯೇ, ಏಳು ಉಳಿದಿವೆಯಲ್ಲ ಅಂತಲೂ ಒಬ್ಬರು ಅಂದರು. ಆ ಮಾತಿಗೆ ಎಷ್ಟೋ ಮಂದಿ ಹೌದು ಹೌದು ಅಂದರು.

ಯಜಮಾನರು ಕೈಯೆತ್ತಿದರು. “ಏಳೋ ಎಂಟೋ ನಮಗೆ ಬೇಡ. ಹಾಲು ತುಳುಕಿತೋ?”

“ಇಲ್ಲ” ಅಂದಳು ನೋಡುವಾಕೆ.

“ನೀನೇ ಹೇಳ್ತಿದ್ದೀಯ. ಕೂಸೇ, ಚಿತ್ರ ಚೆನ್ನಾಗಿತ್ತೋ?”

“ಇಲ್ಲ” ಅಂದಳು ಮೊಮ್ಮಗಳು. ಎಲ್ಲರಿಗೂ ಕೇಳಿಸಿತು.

“ಹಾಗಾದರೆ ಇಳಿಸು ತಾಯಿ.”

ನೋಡುವಾಕೆ ಇಳಿಸಲಿಲ್ಲ. ಇಪ್ಪತ್ತು ವರ್ಷ ಅಲುಗದೆ ಕೂತವಳ ಮೈ ಇಡೀ ಅಲುಗತೊಡಗಿತು. ಮಗುವನ್ನು ಸೊಂಟದ ಮೇಲೆ ಹಿಡಿದುಕೊಂಡೇ ಅವಳು ಉಳಿದ ಮಕ್ಕಳ ಕಡೆ ತಿರುಗಿದಳು. “ನೀವಾದ್ರೂ ಹೇಳ್ರೋ. ನಿಮ್ಮ ದಮ್ಮಯ್ಯ ಅಂತೀನಿ. ಆ ಮರಿ ಇಲ್ಲದ್ದು ನಿಮಗ್ಯಾರಿಗೂ ಕಾಣಿಸಲಿಲ್ವಾ?”

ಮಕ್ಕಳು ತಂತಮ್ಮ ತಾಯಂದಿರ ಮುಖ ನೋಡಿದರು. ಯಜಮಾನರು ಕೊಡತಿ ಎತ್ತಿದರು. ಆಗ ಕುಂಬಾರರ ಹುಡುಗಿ ತಾಯಿಯ ಸೆರಗಿನೊಳಗಿಂದ, “ಕಾಣಿಸ್ತು” ಅಂದಳು.

“ಏನು?” ಅಂದಳು ಅವಳ ತಾಯಿ.

“ಅವತ್ತೇ ಕಾಣಿಸ್ತು. ಹೊಳೆ ಹತ್ರ.”

“ಮತ್ತೆ ಬೆಳಿಗ್ಗೆ ಚೆನ್ನಾಗಿತ್ತು ಅಂದ್ಯಲ್ಲೇ!”

ಹುಡುಗಿ ತಾಯಿಯ ಕೊರಳು ಬಿಗಿಯಾಗಿ ತಬ್ಬಿದಳು. “ಇಲ್ಲ ಅಂದ್ರೆ ಇಳಿಸ್ತೀರಲ್ಲಮ್ಮ” ಅಂದಳು.

“ನಮಗೂ ಕಾಣಿಸ್ತು” ಅಂದರು ಗಾಣಿಗರ ಅವಳಿಗಳು. ನನಗೂ ಅಂತು ಮೂಲೆಯ ಒಂದು ಮಡಿಲು. ನನಗೂ, ನನಗೂ. ಪರದೆಮನೆಯ ತುಂಬ ಸಣ್ಣ ಸಣ್ಣ ಧ್ವನಿ ಎದ್ದವು. ಬಾತುಕೋಳಿಯ ಮಾತು ಮುಗಿದು ಹಿಂದಿನ ಚಿತ್ರಗಳ ಮಾತೂ ಬಂತು. ಹುಲಿ ಊರಿಗೆ ಬಂದ ಚಿತ್ರದಲ್ಲಿ ಹುಲಿಯ ಹೆದರಿಕೆ ಇರಲಿಲ್ಲ, ಹುಲಿ ಹೋದ ಮೇಲೂ ಯಾರೂ ಬಾಗಿಲು ಹಾಕಲಿಲ್ಲವಲ್ಲ ಅಂದಿತು ಒಂದು. ನಗುವ ಚಂದ್ರನ ಚಿತ್ರದಲ್ಲಿ ಅವನು ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ ಅಂದಿತು ಇನ್ನೊಂದು. ರಾಜನ ಮದುವೆಯ ಚಿತ್ರದಲ್ಲಿ ಆ ರಾಣಿ ಯಾರ ಮನೆಯವಳು, ಅವಳು ಯಾಕೆ ಒಂದು ಮಾತೂ ಆಡಲಿಲ್ಲ ಅಂತ ಕೇಳಿತು ಮತ್ತೊಂದು. ತಾಯಂದಿರು ಕಕ್ಕಾಬಿಕ್ಕಿಯಾಗಿ ಕೇಳುತ್ತಿದ್ದರು. ಆ ಚಿತ್ರಗಳನ್ನೆಲ್ಲ ಅವರೂ ನೋಡಿದ್ದರು, ಇದ್ಯಾವುದನ್ನೂ ನೋಡಿರಲಿಲ್ಲ.

ಈಗ ಏನು ಮಾಡುವುದು ಹೇಳಿ. ನಿಯಮದ ಪ್ರಕಾರ ಊರಿನ ಒಂದೊಂದು ಮಗುವೂ ದೊಡ್ಡದಾಗಿತ್ತು. ಒಂದೊಂದು ಮಡಿಲೂ ಖಾಲಿಯಾಗಬೇಕಿತ್ತು. ಯಾರೂ ಮಗುವನ್ನು ಕೆಳಗಿಡಲಿಲ್ಲ. ಇಟ್ಟುಕೊಳ್ಳಬಹುದು ಅಂತಲೂ ಯಾರೂ ಹೇಳಲಿಲ್ಲ. ಎಲ್ಲರೂ ಮಕ್ಕಳನ್ನು ಅವುಚಿಕೊಂಡು ಯಜಮಾನರ ಕೊಡತಿಯನ್ನೇ ನೋಡುತ್ತಿದ್ದರು. “ಹಾಗಾದ್ರೆ ಮುಂದಿನ ಚಿತ್ರ ತರ್ಲೋ ಬೇಡ್ವೋ?” ಅಂತ ಪೆಟ್ಟಿಗೆಯವನು ಕೇಳಿದ.

ಯಜಮಾನರು ಕೊಡತಿ ಎತ್ತಿದವರು ಎತ್ತಿದ ಹಾಗೇ ಇದ್ದರು. ಗಂಟೆಯನ್ನು ನೋಡಲಿಲ್ಲ. ಖಾಲಿ ಬಟ್ಟೆಯನ್ನು ನೋಡುತ್ತಿದ್ದರು. ಆಮೇಲೆ ನೋಡುವಾಕೆಯ ಹತ್ತಿರ ಬಂದು, ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು.

“ಒಂದು ದೋಣಿಯ ಚಿತ್ರ ಬಂದಿತ್ತು. ನನಗೆ ಐದೋ ಆರೋ. ಎಲ್ಲರೂ ದೋಣಿ ಹತ್ತಿದರು. ದಡದಲ್ಲಿ ಒಬ್ಬ ಮುದುಕ ಉಳಿದುಬಿಟ್ಟ, ಕೊಡೆ ಹಿಡ್ಕೊಂಡು. ದೋಣಿ ಹೊರಟುಹೋಯ್ತು. ದೋಣಿಯೊಳಗೆ ಹಾಡು ಶುರುವಾಯ್ತು. ಆ ಮುದುಕನಿಗೆ ಆಮೇಲೆ ಬೇರೆ ದೋಣಿ ಬಂತಾ ತಾಯಿ?”

ನೋಡುವಾಕೆ ಆ ಚಿತ್ರವನ್ನು ಕಂಡವಳೇ ಅಲ್ಲ. ಅದು ಬಂದಾಗ ಅವಳು ಹುಟ್ಟಿರಲಿಲ್ಲ. ಬಂತು ಅನ್ನಲೇ, ಬರಲಿಲ್ಲ ಅನ್ನಲೇ ಅಂತ ತಿಳಿಯದೆ ಅವಳು ನಿಂತಳು. ಎಪ್ಪತ್ತು ದಾಟಿದ ಮನುಷ್ಯ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಗೊತ್ತಿಲ್ಲ ಯಜಮಾನ್ರೇ” ಅಂದಳು.

ಅವರು ತಲೆಯಾಡಿಸಿದರು. ಕೊಡತಿಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ತಾವೂ ಕೂತುಬಿಟ್ಟರು.

ಮೊಮ್ಮಗಳು ಅಜ್ಜಿಯ ಸೊಂಟದ ಮೇಲಿಂದ ಬಗ್ಗಿ ಅವರನ್ನು ನೋಡಿದಳು. “ಮಳೆ ಬರ್ತಿತ್ತಾ ತಾತ?” ಅಂತ ಕೇಳಿದಳು.

“ಹೂಂ, ಬರ್ತಿತ್ತು.”

“ಜೋರಾಗಿ?”

“ಜೋರಾಗಿ ಕಣಮ್ಮ” ಅಂದರು ಯಜಮಾನರು, ಮೊಣಕಾಲಿಗೆ ಮುಖ ಕೊಟ್ಟು ಅಳತೊಡಗಿದರು.